ಬಳ್ಳಿಗೆ ಬೆಂಕಿ, ಬಿಡಾರಕ್ಕೆ ಚಳಿ

ಚಳಿಗಾಲ ಬಂತೆಂದರೆ ನಾಸಿಕ್ ಜಿಲ್ಲೆಯ ನಿಫಾಡ್ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಅಲ್ಲಿನ ಕುಂದೇವಾಡಿಯ ಗೋಧಿ ಸಂಶೋಧನಾ ಕೇಂದ್ರದಲ್ಲಿ ಉಷ್ಣಾಂಶ 6 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಸುದ್ದಿಯ ತುಂಬ ದ್ರಾಕ್ಷಿಯದೇ ಚಿಂತೆ. ರೈತರು ನಸುಕಿನಲ್ಲೆದ್ದು ತೋಟದೊಳಗೆ ಬೆಂಕಿ ಹಾಕಿ ಬಳ್ಳಿ ಕಾಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಸಾಲ ಮಾಡಿ ಬೆಳೆದ ಬೆಳೆ. ಆದರೆ ಅದೇ ರಾತ್ರಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಮಲಗಿದ ಕೂಲಿಯವರ ಸುದ್ದಿ ಎಲ್ಲಿ?

ಸುರಗಾಣಾ, ಪೇಠ್ ತಾಲ್ಲೂಕುಗಳ ಆದಿವಾಸಿಗಳು ದ್ರಾಕ್ಷಿ ಕೆಲಸಕ್ಕೆ ಈ ಬಯಲಿಗೆ ಇಳಿದು ಬರುತ್ತಾರೆ. ಇಂಥವರಿಗೆ ಕಾನೂನು ಏನು ಕೊಟ್ಟಿದೆ? 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ತಕ್ಕ ವಸತಿ ಒದಗಿಸುವ ಹೊಣೆಯನ್ನು ಗುತ್ತಿಗೆದಾರನ ಮೇಲೆ ಹೊರಿಸಿತು. ಆದರೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ. ಬೀಡ್‌ನ ಕಬ್ಬು ಕಡಿಯುವ ತಂಡ ಬೆಳಗಾವಿಗೆ ಬಂದರೆ ಅದು ಈ ಕಾಯ್ದೆಯ ಮಾತಾಗಿತ್ತು. ಸುರಗಾಣಾದಿಂದ ನಿಫಾಡಿಗೆ ಬಂದವರು ಲೆಕ್ಕಕ್ಕೇ ಇರಲಿಲ್ಲ. ಚಳಿಗೆ ರಾಜ್ಯದ ಗಡಿ ಗೊತ್ತೇ?

ಅದೇ 1979ರಲ್ಲಿ ಭಾರತ ಆರ್ಥಿಕ, ಸಾಮಾಜಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಒಪ್ಪಿತು. ಸಮರ್ಪಕ ವಸತಿ ಅದರ 11ನೇ ವಿಧಿಯಲ್ಲಿದೆ. 1995ರಲ್ಲಿ ಚಮೇಲಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೂರು ಎಂದರೆ ತಲೆಯ ಮೇಲಿನ ಮರೆಯಷ್ಟೇ ಅಲ್ಲ; ಸಾಕಷ್ಟು ಜಾಗ, ಗಾಳಿ, ಬೆಳಕು, ನೀರು, ಶೌಚವೂ ಸೇರಿದ್ದು ಎಂದಿತು. ದಕ್ಷಿಣ ಆಫ್ರಿಕಾ ಈ ಹಕ್ಕನ್ನು ಸಂವಿಧಾನದಲ್ಲೇ ಬರೆದುಕೊಂಡಿದೆ. ಇಲ್ಲಿ ಹಕ್ಕು ತೀರ್ಪಿನಲ್ಲಿದೆ, ಕೊಡುವ ಹೊಣೆ ಯಾರದೆಂಬುದು ಎಲ್ಲಿಯೂ ಇಲ್ಲ.

ಆವಾಸ್ ಯೋಜನೆ ಇದೆಯಲ್ಲ ಎನ್ನುವವರಿದ್ದಾರೆ. ಆ ಮನೆ ಊರಿನಲ್ಲಿರುತ್ತದೆ. ದುಡಿಮೆ ಇರುವ ತಿಂಗಳುಗಳಲ್ಲಿ ಅದಕ್ಕೆ ಬೀಗ. ಪಟ್ಟಿಯಲ್ಲಿ ಮನೆಯುಳ್ಳವನಾದ ಮನುಷ್ಯ ತೋಟದ ಬದುವಿನಲ್ಲಿ ಮನೆಯಿಲ್ಲದವನು. ಯೋಜನೆ ಸರ್ಕಾರದ ಕೃಪೆ. ಸಿಗದಿದ್ದಾಗ ಕೇಳಿ ಪಡೆಯಬಹುದಾದದ್ದು ಮಾತ್ರ ಹಕ್ಕು.

ಸಣ್ಣ ರೈತ ಮನೆ ಕಟ್ಟಿಸಿಕೊಡಲಾರ ಎಂಬ ಮಾತು ನಿಜ. ಹಾಗೆಂದು ಭಾರವನ್ನು ಕೂಲಿಯವಳೇ ಹೊರಬೇಕೇ? ರಫ್ತಾಗುವ ದ್ರಾಕ್ಷಿ ಯಾವ ತೋಟದ್ದೆಂದು ಗ್ರೇಪ್‌ನೆಟ್‌ನಲ್ಲಿ ಪತ್ತೆ ಹಚ್ಚಬಹುದು. ಅದರಲ್ಲಿನ ಕೀಟನಾಶಕದ ಶೇಷವನ್ನೂ ಅಳೆಯುತ್ತಾರೆ. ಹಣ್ಣಿನ ಜಾತಕ ಇಷ್ಟು ಚೆನ್ನಾಗಿ ಬರೆಯುವ ವ್ಯವಸ್ಥೆಗೆ, ಅದನ್ನು ಕಿತ್ತವಳು ಎಲ್ಲಿ ಮಲಗಿದಳೆಂದು ಒಂದು ಸಾಲು ಬರೆಯುವುದು ಅಸಾಧ್ಯವಲ್ಲ. ರಫ್ತಿನ ನೋಂದಣಿಗೂ ಕಾರ್ಖಾನೆಗಳು ಪ್ರತಿ ಹಂಗಾಮಿಗೆ ಪಡೆಯುವ ಕಬ್ಬು ಅರೆಯುವ ಪರವಾನಗಿಗೂ ಬಿಡಾರದ ಷರತ್ತು ಸೇರಲಿ. ರಫ್ತುದಾರ, ಕಾರ್ಖಾನೆ, ಸರ್ಕಾರ ವೆಚ್ಚ ಹಂಚಿಕೊಳ್ಳಲಿ. ನೀರು, ದೀಪ, ಶೌಚಾಲಯವಿರುವ ಹಂಗಾಮಿ ವಸತಿ ಪಂಚಾಯತಿ ಜಾಗದಲ್ಲಿ ಏಳಲಿ.

ಬಳ್ಳಿಗೆ ಚಳಿಯಾಗುತ್ತದೆಂದು ತಿಳಿದ ಊರಿಗೆ ಮನುಷ್ಯರ ಚಳಿಯೂ ತಿಳಿದೇ ಇದೆ. ತಿಳಿದೂ ಸುಮ್ಮನಿರುವುದಕ್ಕೆ ಬಡತನದ ನೆಪ ಸಲ್ಲದು.