ಲೀಡ್ ನೂರಾ ನಲವತ್ತು, ಗಿರಾಕಿ ನಾಲ್ಕು!

ದಾವಣಗೆರೆ: ಪಿ.ಬಿ. ರಸ್ತೆ ಕಡೆಯ ಫರ್ನಿಚರ್ ಅಂಗಡಿಯೊಂದರ ಸಾಹುಕಾರರು ಈ ಸಲದ ದೀಪಾವಳಿಗೆ ಹೊಸ ಪ್ರಯೋಗಕ್ಕೆ ಕೈ ಹಾಕಿದರು. ವರ್ಷಾ ವರ್ಷ ಆಟೋಕ್ಕೆ ಮೈಕು ಕಟ್ಟಿಸಿ, ಪೇಪರಿನೊಳಗೆ ಪಾಂಪ್ಲೆಟ್ ಇಡಿಸಿ ಪ್ರಚಾರ ಮಾಡುತ್ತಿದ್ದವರು. ಈ ಸಲ ಮೊಬೈಲ್ ಜಾಹೀರಾತು. ಏಜೆನ್ಸಿ ಹುಡುಗ ಬಂದ, ಲ್ಯಾಪ್‌ಟಾಪ್ ಬಿಚ್ಚಿದ, ಬಣ್ಣಬಣ್ಣದ ಗ್ರಾಫ್ ತೋರಿಸಿದ. ಸಾಹುಕಾರರು 28 ಸಾವಿರ ರೂಪಾಯಿ ಕೊಟ್ಟರು.

ತಿಂಗಳಿಗೆ ‘ಲೀಡ್’ ಪಟ್ಟಿ ಬಂತು. ಲೀಡ್ ಅಂದರೆ ‘ಈ ಸಾಮಾನು ನನಗೆ ಬೇಕು’ ಎಂದು ಹೆಸರು, ಫೋನ್ ನಂಬರು ಬರೆದುಕೊಟ್ಟವರ ವಿಚಾರಣೆ. ಪಟ್ಟಿಯಲ್ಲಿ 140 ಹೆಸರು! ಸಾಹುಕಾರರು ಖುಷಿಯಾದರು. ಲೆಕ್ಕ ಬರೆಯುವ ಹುಡುಗಿ ಎರಡು ದಿನ ಕೂತು ಒಂದೊಂದಕ್ಕೂ ಫೋನ್ ಹಚ್ಚಿದಳು. ಅರ್ಧಕ್ಕರ್ಧ ನಂಬರು ಚಾಲ್ತಿಯಲ್ಲೇ ಇಲ್ಲ. ಎತ್ತಿದವರಲ್ಲೂ ಹೆಚ್ಚಿನವರದ್ದು ಒಂದೇ ಮಾತು: “ಯಾವ ಸೋಫಾ ರೀ? ನಾನೆಲ್ಲಿ ಕೇಳಿದ್ದೆ?” ಅಂಗಡಿ ಮೆಟ್ಟಿಲು ಹತ್ತಿದ್ದು ನಾಲ್ಕೇ ನಾಲ್ಕು ಜನ. ಕೊಂಡದ್ದು ಒಬ್ಬರು. ಅದೂ ಒಂದು ಪ್ಲಾಸ್ಟಿಕ್ ಕುರ್ಚಿ.

ಏಜೆನ್ಸಿ ಹುಡುಗನನ್ನು ಕರೆಸಿ ಕೇಳಿದರೆ ಅವನ ಉತ್ತರ ಸಿದ್ಧ: “ಸಾವ್ಕಾರ್ರೇ, ಲೀಡ್ ತರೋದು ನಮ್ ಕೆಲ್ಸ. ಯಾಪಾರ ಮಾಡ್ಕೊಳ್ಳೋದು ನಿಮ್ ಕೆಲ್ಸ.”

ಆ ಹಬ್ಬಕ್ಕೆ ಅಂಗಡಿ ಆಳುಗಳ ಬೋನಸ್ ಅರ್ಧವಾಯಿತು. ಗ್ರಾಫ್ ಮೇಲೇರಿತು, ಆಳುಗಳ ಮಕ್ಕಳ ಹೊಸಬಟ್ಟೆ ಕೆಳಗಿಳಿಯಿತು. ಲೆಕ್ಕ ಸರಿಹೋಯಿತಲ್ಲ!

ಹಾಗಾದರೆ ಆ 140 ಮಂದಿ ಯಾರು?

ಒಂದಷ್ಟು ಜನ ನಿಜವಾದ ಮನುಷ್ಯರೇ. ಬಸ್ಸಿನಲ್ಲಿ ಕೂತು ಮೊಬೈಲ್ ತೀಡುವಾಗ ಹೆಬ್ಬೆರಳು ತಾಗಿ ಫಾರಂ ಹೋಗಿಬಿಟ್ಟಿರುತ್ತದೆ. ಫೇಸ್‌ಬುಕ್ ಫಾರಂನಲ್ಲಿ ಹೆಸರು, ನಂಬರು ತಾನಾಗಿಯೇ ತುಂಬಿಕೊಳ್ಳುತ್ತದೆ. ಐದು ವರ್ಷದ ಹಿಂದೆ ಬಿಟ್ಟ ಸಿಮ್ಮಿನ ನಂಬರಾದರೂ ಸೈ. ಇದು ಮೋಸವಲ್ಲ, ಎಡವಟ್ಟು.

ಉಳಿದದ್ದು ‘ಬಾಟ್’ ಮಹಾಶಯರ ಕೃಪೆ. ಬಾಟ್ ಅಂದರೆ ಮನುಷ್ಯನ ವೇಷ ಹಾಕಿದ ಕಂಪ್ಯೂಟರ್ ಪ್ರೋಗ್ರಾಂ. ಅದಕ್ಕೆ ಸೋಫಾ ಬೇಕಿಲ್ಲ, ಕೂರಲು ಬೆನ್ನೂ ಇಲ್ಲ. ಆದರೂ ಜಾಹೀರಾತು ಒತ್ತುತ್ತದೆ, ಫಾರಂ ತುಂಬುತ್ತದೆ. ಏಕೆಂದರೆ ಜಾಹೀರಾತು ಕಾಣಿಸುವ ಆ್ಯಪಿನವನಿಗೆ ಒತ್ತಿದ ಲೆಕ್ಕದ ಮೇಲೆ ಕಾಸು. ಕೆಲವು ಏಜೆನ್ಸಿಗಳಿಗೆ ಲೀಡಿನ ಲೆಕ್ಕದ ಮೇಲೆ ಕಾಸು. ಈ ಸರಪಳಿಯಲ್ಲಿ ಗಿರಾಕಿ ಬಂದರಷ್ಟೇ ಕಾಸು ಸಿಗುವುದು ಒಬ್ಬನಿಗೇ. ಅವನೇ ಅಂಗಡಿಯವನು. ಆದ್ದರಿಂದ ಸುಳ್ಳು ಲೆಕ್ಕ ಹಿಡಿಯುವ ದರ್ದು ಇರುವುದೂ ಅವನೊಬ್ಬನಿಗೇ. ವರ್ತಕರು ತಿಳಿಯಬೇಕಾದ ಮಾತು ಇದೊಂದೇ.

ಇದು ಬರೀ ಸಣ್ಣ ಊರಿನ ಕಥೆಯಲ್ಲ. ಅಲೆಕ್ಸಾಂಡರ್ ಝುಕೋವ್ ಎಂಬ ರಷ್ಯಾದವನು ಅಮೆರಿಕದ ಡಲ್ಲಾಸ್ ಮುಂತಾದ ಕಡೆ ಎರಡು ಸಾವಿರಕ್ಕೂ ಹೆಚ್ಚು ಕಂಪ್ಯೂಟರ್ ಸರ್ವರ್ ಬಾಡಿಗೆಗೆ ಹಿಡಿದ. ಅವು ಮನುಷ್ಯರಂತೆ ಮೌಸ್ ಆಡಿಸಿ, ವಿಡಿಯೋ ನಿಲ್ಲಿಸಿ, ಮತ್ತೆ ಓಡಿಸಿ ಜಾಹೀರಾತು ‘ನೋಡಿದವು’. ಕಂಪನಿಗಳಿಗೆ 70 ಲಕ್ಷ ಡಾಲರಿಗೂ ಮಿಕ್ಕಿ ಪಂಗನಾಮ. ತನ್ನನ್ನು ತಾನೇ ‘ವಂಚನೆಯ ರಾಜ’ ಎಂದು ಕರೆದುಕೊಂಡಿದ್ದ ಆಸಾಮಿಗೆ ನ್ಯೂಯಾರ್ಕಿನ ಕೋರ್ಟು 2021ರ ನವೆಂಬರಿನಲ್ಲಿ 10 ವರ್ಷ ಜೈಲು ಕೊಟ್ಟಿತು.

ಅಂಗಡಿಯವರು ತಿರುಗಿಬಿದ್ದದ್ದೂ ಉಂಟು. ಆರ್ಕನ್ಸಾ ರಾಜ್ಯದ ಟೆಕ್ಸರ್ಕಾನಾ ಎಂಬ ಊರಿನ ಲೇನ್ಸ್ ಗಿಫ್ಟ್ಸ್ ಒಂದು ಉಡುಗೊರೆ ಅಂಗಡಿ. ಸುಳ್ಳು ಕ್ಲಿಕ್ಕಿಗೂ ದುಡ್ಡು ಕಿತ್ತರು ಎಂದು 2005ರಲ್ಲಿ ಗೂಗಲ್ ಮತ್ತಿತರ ಕಂಪನಿಗಳ ಮೇಲೆ ದಾವೆ ಹೂಡಿತು. ಮರುವರ್ಷ ಗೂಗಲ್ 9 ಕೋಟಿ ಡಾಲರ್‌ವರೆಗಿನ ರಾಜಿಗೆ ಒಪ್ಪಿತು. ಅದರಲ್ಲಿ ವಕೀಲರ ಫೀಜು ಹೋಗಿ ವರ್ತಕರ ಪಾಲಿಗೆ ಸಿಕ್ಕಿದ್ದು ನಗದಲ್ಲ, ಮುಂದೆ ಜಾಹೀರಾತು ಕೊಡಲು ಜಮೆ! ಕೋರ್ಟು ಕಚೇರಿ ಹಾದಿ ಎಷ್ಟು ಸಲೀಸು ಎಂಬುದಕ್ಕೆ ಇಷ್ಟು ಸಾಕು.

ಹಾಗೆಂದು ಮೊಬೈಲ್ ಜಾಹೀರಾತೇ ಬೇಡ ಅನ್ನುವುದು ತರವಲ್ಲ. ಅದರಿಂದ ದೂರದೂರಿನ ಗಿರಾಕಿ ಕಂಡುಕೊಂಡ ಅಂಗಡಿಗಳೂ ಇವೆ. ಗಲ್ಲಾದ ಮೇಲೆ ಇಟ್ಟ ಕಣ್ಣನ್ನು ಜಾಹೀರಾತಿನ ಮೇಲೂ ಇಡಬೇಕು, ಅಷ್ಟೆ.

ಮೊದಲನೆಯದು, ಜಾಹೀರಾತಿನ ಖಾತೆ ಅಂಗಡಿಯವರ ಹೆಸರಲ್ಲೇ ಇರಲಿ. ಏಜೆನ್ಸಿಯವನಿಗೆ ಒಳಗೆ ಕೆಲಸ ಮಾಡಲು ಅನುಮತಿ ಕೊಟ್ಟರೆ ಸಾಕು. ಖಾತೆ ಅವನದಾದರೆ ಅವನು ತೋರಿಸಿದ್ದೇ ಲೆಕ್ಕ.

ಎರಡನೆಯದು, ಜಾಹೀರಾತು ಎಲ್ಲಿ, ಯಾರಿಗೆ ಕಾಣಬೇಕು ಎಂದು ಕೂತು ಗೊತ್ತು ಮಾಡಿಸಿ. ಗೂಗಲ್‌ನಲ್ಲಿ ಹುಡುಕಿದವರಿಗೆ ಮಾತ್ರ ಕಾಣುವ ಜಾಹೀರಾತು ಬೇರೆ, ಊರೂರಿನ ಆ್ಯಪು, ಆಟಗಳಲ್ಲೆಲ್ಲ ತೇಲುವ ಜಾಹೀರಾತು ಬೇರೆ. ಎರಡನೆಯದರಲ್ಲೇ ಕಸ ಜಾಸ್ತಿ. ಊರಿನಲ್ಲಿ ಇರುವವರಿಗೆ ಮಾತ್ರವೋ, ಊರಿನ ಬಗ್ಗೆ ಆಸಕ್ತಿ ತೋರಿಸಿದ ಎಲ್ಲರಿಗೂ ಕಾಣಬೇಕೋ ಎಂಬ ಆಯ್ಕೆಯೂ ಇದೆ. ಹೇಳದಿದ್ದರೆ ದಿಲ್ಲಿಯವನಿಗೂ ದಾವಣಗೆರೆ ಸೋಫಾ ಕಾಣುತ್ತದೆ.

ಮೂರನೆಯದು, ಫಾರಂ ಸಲೀಸಾಗಿರುವುದು ಬೇಡ. ಒಟಿಪಿ ಕೇಳಿ. ‘ಯಾವ ಏರಿಯಾ? ಯಾವಾಗ ಬೇಕು?’ ಎಂದು ಕೈಯಾರೆ ಬರೆಯುವ ಒಂದು ಪ್ರಶ್ನೆ ಇಡಿಸಿ. ವೆಬ್‌ಸೈಟ್ ಇದ್ದರೆ ಕಣ್ಣಿಗೆ ಕಾಣದ ಒಂದು ಖಾನೆ ಇಡಿಸಿ. ಮನುಷ್ಯ ಕಾಣದ್ದನ್ನು ತುಂಬುವುದಿಲ್ಲ, ಬಾಟ್ ಎಲ್ಲವನ್ನೂ ತುಂಬಿ ಸಿಕ್ಕಿಬೀಳುತ್ತದೆ. ಚಾಲಾಕಿ ಬಾಟ್ ತಪ್ಪಿಸಿಕೊಂಡೀತು, ಹೆಡ್ಡ ಬಾಟ್ ಅಲ್ಲೇ ಉಳಿಯುತ್ತದೆ.

ನಾಲ್ಕನೆಯದು, ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇರಲಿ. ಯಾವ ನಂಬರು ನಿಜ, ಯಾರು ಬಂದರು, ಯಾರು ಕೊಂಡರು ಬರೆದಿಡಿ. ಆ ಪಟ್ಟಿಯನ್ನು ಜಾಹೀರಾತಿನ ಖಾತೆಗೂ ಹಾಕಿಸಿ. ಇಲ್ಲವಾದರೆ ಸುಳ್ಳು ಫಾರಂಗಳೇ ಒಳ್ಳೇ ಗಿರಾಕಿ ಎಂದು ಮೆಷಿನ್ನು ತಿಳಿದು ಅಂಥವನ್ನೇ ಇನ್ನಷ್ಟು ತರುತ್ತದೆ. ಸುಳ್ಳು ಕ್ಲಿಕ್ಕು ತಾನಾಗಿ ಹಿಡಿದದ್ದಕ್ಕೆ ಗೂಗಲ್ ದುಡ್ಡು ಹಾಕುವುದಿಲ್ಲ. ಹಿಡಿಯದೆ ಬಿಟ್ಟದ್ದರ ಬಗ್ಗೆ ತನಿಖೆ ಕೇಳಲು ಅವಕಾಶವಿದೆ. ಕೇಳುವವರು ಬೇಕಷ್ಟೆ.

ಕಡೆಯದಾಗಿ, ಒಂದು ವಾರ ಜಾಹೀರಾತು ನಿಲ್ಲಿಸಿ ನೋಡಿ. ಉಬರ್ ಕಂಪನಿ ಒಮ್ಮೆ 15 ಕೋಟಿ ಡಾಲರ್ ಜಾಹೀರಾತಿನಲ್ಲಿ 10 ಕೋಟಿ ಡಾಲರಿನಷ್ಟು ನಿಲ್ಲಿಸಿತು. ಹೊಸ ಗಿರಾಕಿಗಳ ಸಂಖ್ಯೆಯಲ್ಲಿ ಹೆಚ್ಚೂಕಡಿಮೆ ಬದಲಾವಣೆಯೇ ಆಗಲಿಲ್ಲ ಎಂದು ಅಲ್ಲಿ ಜಾಹೀರಾತು ನೋಡಿಕೊಳ್ಳುತ್ತಿದ್ದ ಅಧಿಕಾರಿ ಕೆವಿನ್ ಫ್ರಿಶ್ ಆಮೇಲೆ ಹೇಳಿದರು. ಅಂಥಾ ಉಬರಿಗೇ ಹೀಗಾದರೆ ಮಂಡಿಪೇಟೆ, ಚೌಕಿಪೇಟೆಯ ಅಂಗಡಿಗಳ ಪಾಡೇನು?

ವರ್ತಕರ ಸಂಘಗಳು ಹಬ್ಬಕ್ಕೆ ಸನ್ಮಾನ, ಶಾಲು, ಹಾರಕ್ಕಷ್ಟೇ ಸೀಮಿತವಾಗದೆ ಈ ಬಗ್ಗೆ ಒಂದು ದಿನ ಸಭೆ ಸೇರಲಿ. ‘ಫೋನ್ ಎತ್ತಿ ಮಾತಾಡಿದ ಲೀಡಿಗೆ ಮಾತ್ರ ದುಡ್ಡು’ ಎಂದು ಒಬ್ಬ ಕೇಳಿದರೆ ಏಜೆನ್ಸಿಯವನು ನಕ್ಕು ಮುಂದಿನ ಅಂಗಡಿಗೆ ಹೋಗುತ್ತಾನೆ. ನೂರು ಅಂಗಡಿ ಒಂದೇ ಮಾತು ಆಡಿದರೆ ಎಲ್ಲಿಗೆ ಹೋದಾನು?

ಹತ್ತು ರೂಪಾಯಿ ನೋಟನ್ನು ಬೆಳಕಿಗೆ ಹಿಡಿದು ನೋಡುವ ಸಾಹುಕಾರರು 28 ಸಾವಿರದ ಪಟ್ಟಿಯನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳುವುದು ಇನ್ನಾದರೂ ನಿಲ್ಲಲಿ.