ದುರಸ್ತಿಯ ಕೈಪಿಡಿ ಪುಸ್ತಕವಲ್ಲವೆ?

ಹಳೆಯ ಕಾರನ್ನು ಇಟ್ಟುಕೊಂಡವನಿಗೆ ನಮ್ಮಲ್ಲಿ ಉಪದೇಶಕ್ಕೆ ಬರವಿಲ್ಲ. “ಗುಜರಿಗೆ ಹಾಕಿ ಹೊಸದು ಕೊಳ್ಳಿ” ಎನ್ನುವವರು ಕೆಲವರು. “ಬಿಡಿಭಾಗವೇ ಸಿಗುವುದಿಲ್ಲವಲ್ಲ, ಸ್ವಾಮಿ” ಎಂದು ಮರುಗುವವರು ಕೆಲವರು. ಈ ಎರಡನೆಯ ಮಾತು ಅರ್ಧಸತ್ಯ. ಸಿಗದ ಬಿಡಿಭಾಗವನ್ನು ಲೇತಿನ ಮೇಲೆ ಮಾಡಿಸಬಹುದು. ಆದರೆ ಅದರ ಅಳತೆಯನ್ನು ಯಾರಿಂದ ತರೋಣ?

ನನ್ನಲ್ಲಿರುವುದು ನಾಲ್ಕು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಇಟಲಿಯ ಮಿಕೆಲೊಟ್ಟಿ ರೂಪಿಸಿದ ಈ ಗಾಡಿ 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆಸರಿನಿಂದ ಹೊರಬಂತು. 1961ರಿಂದ ಮದರಾಸಿನಲ್ಲಿಯೂ ತಯಾರಾಯಿತು. ಇಂಗ್ಲೆಂಡಿನಲ್ಲಿ ಅದರ ತಯಾರಿಕೆ 1971ರಲ್ಲಿಯೇ ನಿಂತಿತು. ಆದರೂ ಅಲ್ಲಿ ಇಂದಿಗೂ ಅದರ ಕೈಪಿಡಿ ಮರುಮುದ್ರಣಗೊಂಡು ಸಿಗುತ್ತದೆ. ಒಂದನ್ನು ತರಿಸಿಕೊಂಡೆ. ಎಂಜಿನ್ನು, ಗೇರುಪೆಟ್ಟಿಗೆಗಳ ಮಟ್ಟಿಗೆ ಅದು ಗುರುವೇ ಸರಿ. ಹಿಂಬಾಗಿಲಿನ ಮಾತು ಬಂದರೆ ಮಾತ್ರ ಮೌನ. ಏಕೆಂದರೆ ಅಲ್ಲಿಯವರ ಹೆರಾಲ್ಡಿಗೆ ನಾಲ್ಕು ಬಾಗಿಲುಗಳೇ ಇರಲಿಲ್ಲ! ಅದು ನಮ್ಮವರು ಮಾಡಿದ್ದು. ಜೆ. ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ, ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಅರಸಿದರೂ ನಮ್ಮವರ ಕೆಲಸದ ಒಂದು ನಕ್ಷೆ ನನಗೆ ದೊರೆಯಲಿಲ್ಲ. ಕಡೆಗೆ ಅಳತೆ ಹೇಳಿದವರು ಎಂಬತ್ತು ದಾಟಿದ ಒಬ್ಬ ಮೇಸ್ತ್ರಿ, ಕೇವಲ ನೆನಪಿನಿಂದ. ಅವರ ತರುವಾಯ ಯಾರು?

ಇದು ಉಳ್ಳವರ ಶೋಕಿಯ ಗೋಳೆಂದು ತಳ್ಳಿಹಾಕುವವರಿಗೆ ಒಂದು ಮಾತು. ಇಂದು ಹೆರಾಲ್ಡಿಗೆ ಬಂದ ಗತಿ ನಾಳೆ ನಿಮ್ಮ ಹೊಲಿಗೆಯಂತ್ರಕ್ಕೂ ನೀರಿನ ಪಂಪಿಗೂ ಬರುತ್ತದೆ. ದುರಸ್ತಿಯ ವಿದ್ಯೆ ಬರಹದಲ್ಲಿ ಉಳಿಯದ ಊರಿನಲ್ಲಿ ಜನ ಕೊಳ್ಳುತ್ತಲೇ, ಬಿಸಾಡುತ್ತಲೇ ಇರಬೇಕಾಗುತ್ತದೆ.

ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿಯನ್ನೂ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಒಪ್ಪಿಸಬೇಕೆಂದು 1954ರ ಕಾಯಿದೆ ವಿಧಿಸಿದೆ. ಅದರ ದೃಷ್ಟಿಯಲ್ಲಿ ಚಿಕ್ಕ ಪುಸ್ತಿಕೆಯೂ ಪುಸ್ತಕವೇ. ಹಾಗಿರುವಾಗ ಕಾರ್ಖಾನೆಯ ಕೈಪಿಡಿಯನ್ನು ಮಾತ್ರ ನಾವೇಕೆ ಎಣ್ಣೆ ಮೆತ್ತಿದ ರದ್ದಿಯೆಂದು ಕಾಣಬೇಕು? ಯಂತ್ರವೊಂದರ ತಯಾರಿಕೆ ನಿಲ್ಲಿಸುವವರು ಅದರ ಕೈಪಿಡಿಯನ್ನೂ ನಕ್ಷೆಗಳನ್ನೂ ಗ್ರಂಥಾಲಯಕ್ಕೆ ಒಪ್ಪಿಸಿ ಹೋಗಲಿ. ಅದನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ವಿಶ್ವವಿದ್ಯಾನಿಲಯಗಳು ಕೈಹಾಕಲಿ. ಗ್ಯಾರೇಜಿನ ಹುಡುಗ ಕನ್ನಡದಲ್ಲಿ ಓದಬಾರದೆಂಬ ಶಾಸನವೇನೂ ಇಲ್ಲವಷ್ಟೆ?

ಕಾರ್ಖಾನೆಯ ಬಾಗಿಲು ಮುಚ್ಚುವುದು ಮಾಲೀಕರ ಹಕ್ಕು. ಆದರೆ ಅದರೊಳಗಿನ ವಿದ್ಯೆಗೂ ಬೀಗ ಹಾಕಿಕೊಂಡು ಹೋಗುವುದನ್ನು ಹಕ್ಕೆಂದು ನಾನು ಒಪ್ಪಲಾರೆ.