ಶ್ವಾಸನಾಳದ ಪರೀಕ್ಷೆ ಮತ್ತು ಪ್ರಾಣವಾಯು

ಕೆಮ್ಮಿನೊಡನೆ ಬರುವ ರಕ್ತ, ಔಷಧಕ್ಕೆ ಮಣಿಯದ ಸೋಂಕು, ಶ್ವಾಸಕೋಶದೊಳಗಿನ ಗಂಟು – ಇವುಗಳ ಮೂಲವನ್ನರಿಯಲು ವೈದ್ಯರು ಮೂಗು ಇಲ್ಲವೆ ಬಾಯಿಯ ಮೂಲಕ ಬ್ರಾಂಕೋಸ್ಕೋಪ್ ಎಂಬ ಬಾಗುವ ನಳಿಕೆಯನ್ನು ಶ್ವಾಸನಾಳದೊಳಕ್ಕೆ ಇಳಿಸುತ್ತಾರೆ. 1960ರ ದಶಕದಲ್ಲಿ ಜಪಾನಿನ ವೈದ್ಯ ಶಿಗೆಟೊ ಇಕೆಡಾ ರೂಪಿಸಿದ ಈ ಸಾಧನದಿಂದ ಆದ ಉಪಕಾರ ಅಪಾರ. ಆದರೆ ಉಸಿರಿನ ಹಾದಿಯಲ್ಲಿಯೇ ನಳಿಕೆ ನಿಲ್ಲುವ ಈ ಪರೀಕ್ಷೆಯಲ್ಲಿ, ಒಳಗೆ ಏನು ಕಂಡಿತೆಂಬುದಕ್ಕೆ ಸಲ್ಲುವ ಗಮನವು ರೋಗಿಗೆ ಪ್ರಾಣವಾಯು ಹೇಗೆ ಸಲ್ಲುತ್ತಿದೆಯೆಂಬುದಕ್ಕೂ ಸಲ್ಲಬೇಕೆಂಬುದು ನನ್ನ ಅಭಿಮತ.

ಪ್ರಾಣವಾಯು ಕುಗ್ಗಲು ಕಾರಣ ಒಂದೇ ಅಲ್ಲ. ನಳಿಕೆಯು ಹಾದಿಯನ್ನು ಕಿರಿದುಗೊಳಿಸುತ್ತದೆ. ಕಫವನ್ನು ಹೀರುವಾಗ ಗಾಳಿಯೂ ಹೀರಿಹೋಗುತ್ತದೆ. ತೊಳೆಯಲೆಂದು ಬಿಟ್ಟ ಲವಣಜಲದಲ್ಲಿ ಒಂದಿಷ್ಟು ಒಳಗೇ ಉಳಿಯುತ್ತದೆ. ಮಂಪರಿನ ಔಷಧವು ಉಸಿರಾಟವನ್ನೇ ಮಂದಗೊಳಿಸುತ್ತದೆ.

ಸಾಮಾನ್ಯ ರೂಢಿಯೆಂದರೆ ಮೂಗಿನ ಹೊಳ್ಳೆಗಳಿಗೆ ಇರಿಸುವ ಸಣ್ಣ ಕೊಳವೆಯಿಂದ ನಿಮಿಷಕ್ಕೆ 2ರಿಂದ 6 ಲೀಟರ್ ಆಮ್ಲಜನಕ ಕೊಡುವುದು. ಹೊರಗಾಳಿಯಲ್ಲಿ ಶೇಕಡಾ 21ರಷ್ಟಿರುವ ಅದರ ಪ್ರಮಾಣ ಇದರಿಂದ ಹೆಚ್ಚೆಂದರೆ ಶೇಕಡಾ 40ರ ಆಸುಪಾಸಿಗೆ ಏರೀತು. ಏದುಸಿರು ಬಿಡುವ ರೋಗಿ ಹೊರಗಾಳಿಯನ್ನೂ ಸೆಳೆದುಕೊಳ್ಳುವುದರಿಂದ ಅವನಿಗೆ ದಕ್ಕುವುದು ಇನ್ನೂ ಕಡಿಮೆ. ಅಧಿಕ ಹರಿವಿನ ಯಂತ್ರವಾದರೋ ಬೆಚ್ಚಗೆ ಮಾಡಿ ತೇವಗೊಳಿಸಿದ ವಾಯುವನ್ನು ನಿಮಿಷಕ್ಕೆ 60 ಲೀಟರಿನವರೆಗೂ ಹರಿಸಬಲ್ಲದು. ಆಮ್ಲಜನಕವನ್ನು ಶೇಕಡಾ 100ರ ಸಮೀಪಕ್ಕೂ ಒಯ್ಯಬಲ್ಲದು. ಪರೀಕ್ಷೆಗೆ ಮುನ್ನವೇ ಪ್ರಾಣವಾಯು ಕುಂದಿರುವವರಿಗೆ ಇದು ಬೇಕು. ಖರ್ಚಿನ ನೆಪದಿಂದ ನಿರಾಕರಿಸುವುದು ಸಲ್ಲದು. ಆರೋಗ್ಯವಂತ ಶ್ವಾಸಕೋಶದವರಿಗೂ ಅದನ್ನೇ ತೊಡಿಸಿ ಬಿಲ್ಲು ಬೆಳೆಸುವುದೂ ಸಲ್ಲದು.

ಇನ್ನೊಂದು ಸೂಕ್ಷ್ಮವಿದೆ. ಹೇರಳವಾಗಿ ಆಮ್ಲಜನಕ ಹರಿಯುತ್ತಿರುವಾಗ ಬೆರಳಿಗೆ ತೊಡಿಸಿದ ಆಕ್ಸಿಮೀಟರ್ 98 ಎಂದು ತೋರಿಸುತ್ತಲೇ ಇರಬಹುದು. ಉಸಿರು ಮಾತ್ರ ನಿಧಾನವಾಗಿ, ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಶೇಖರಗೊಳ್ಳುತ್ತಿರಬಹುದು. ಆ ಯಂತ್ರ ಇದನ್ನು ಅಳೆಯಲಾರದು. ಬಹುಕಾಲ ಬೀಡಿ ಸೇದಿಯೋ ಒಲೆಯ ಹೊಗೆ ಕುಡಿದೋ ಶ್ವಾಸಕೋಶ ಕೆಟ್ಟಿರುವ ಕೆಲವರಲ್ಲಿ ಅತಿಯಾದ ಆಮ್ಲಜನಕವೇ ಈ ಶೇಖರಣೆಯನ್ನು ಹೆಚ್ಚಿಸುತ್ತದೆ. ಅಂಥವರಿಗೆ 88ರಿಂದ 92 ಸಾಕೆಂದು ವೈದ್ಯರು ಗುರಿಯಿರಿಸುವುದುಂಟು. ಆದಕಾರಣ ನಳಿಕೆ ಹಿಡಿದ ವೈದ್ಯರಲ್ಲದೆ, ರೋಗಿಯ ಎದೆಯ ಏರಿಳಿತವನ್ನೇ ನೋಡುತ್ತಿರುವ ಮತ್ತೊಬ್ಬ ತರಬೇತಿ ಪಡೆದವರು ಇರಲೇಬೇಕು. ಯಂತ್ರವಿಲ್ಲದ ಕೊರತೆಗಿಂತ ಈ ಮತ್ತೊಬ್ಬರಿಲ್ಲದ ಕೊರತೆಯನ್ನೇ ನಾನು ದೊಡ್ಡದೆಂದು ಬಗೆಯುತ್ತೇನೆ.

ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ, ಆ ಹೊಣೆ ಯಾರದೆಂದು ಮನೆಯವರು ವಿನಯದಿಂದ ಕೇಳಬಹುದು. ಗೊರಕೆ, ಹಳೆಯ ಉಬ್ಬಸ, ನಿತ್ಯ ಸೇವಿಸುವ ನಿದ್ರೆಮಾತ್ರೆ ಇವುಗಳನ್ನು ಮುಚ್ಚಿಡದೆ ಹೇಳಬೇಕು. ಉಗುರಿಗೆ ಬಣ್ಣವಿದ್ದರೆ ಆಕ್ಸಿಮೀಟರಿನ ಅಂಕಿ ತಪ್ಪಬಹುದಾದ್ದರಿಂದ ಹಿಂದಿನ ದಿನವೇ ತೆಗೆದುಬಿಡುವುದು ಒಳ್ಳೆಯದು.